ಖಾಲಿ ಇದ್ದರೂ 9 ಕಿಲೋ

ಬಯಲಲ್ಲಿ ಕೆಂಡದ ಮೇಲೆ ಅಡುಗೆ ಮಾಡುವ ಎರಕದ ಕಬ್ಬಿಣದ ಪಾತ್ರೆ, ಅಂದರೆ ಕ್ಯಾಂಪ್ ಓವನ್, ಕೊಳ್ಳಲು ಬಂದವರನ್ನು ಸ್ವಲ್ಪ ದೂರ ನಿಂತು ಗಮನಿಸಬೇಕು. ಮೊದಲು ಒಂದೇ ಕೈಯಲ್ಲಿ ಎತ್ತಲು ನೋಡುತ್ತಾರೆ. ಏಳುವುದಿಲ್ಲ. ಯಾರಾದರೂ ನೋಡಿಬಿಟ್ಟರೇನೋ ಅಂತ ಅತ್ತಿತ್ತ ಕಣ್ಣಾಡಿಸಿ, ಆಮೇಲೆ ಎರಡೂ ಕೈ ಹಾಕುತ್ತಾರೆ. 'ಅಬ್ಬಾ, ಏನ್ ಭಾರ ಇದು!' ಅಂತ ಕೆಳಗಿಡುತ್ತಾರೆ. ಪಕ್ಕದಲ್ಲಿರುವ ಅಲ್ಯೂಮಿನಿಯಂ ಪಾತ್ರೆಯನ್ನು ಎತ್ತಿ ನೋಡುತ್ತಾರೆ. ಅದು ಹಗುರ. ಅಷ್ಟು ಹಗುರ ಇರುವುದಕ್ಕೇ ಏನೋ, ಅದರ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಕೊನೆಗೆ ಬೈದುಕೊಂಡೇ ಭಾರದ್ದನ್ನು ಹೊತ್ತುಕೊಂಡು ಹೋಗುತ್ತಾರೆ.

ನನಗನ್ನಿಸುವುದು ಇಷ್ಟೇ. ಈ ಪಾತ್ರೆಯಲ್ಲಿ ನಾವು ಬೈಯುವುದೂ ಅದರ ಭಾರವನ್ನೇ, ದುಡ್ಡು ಕೊಡುವುದೂ ಆ ಭಾರಕ್ಕೇ.

ಓವನ್ ಅಂದ ಕೂಡಲೇ ಬಾಗಿಲಿರುವ ಪೆಟ್ಟಿಗೆ ನೆನಪಾಗುತ್ತದೆ ಅಲ್ವಾ? ಇದಕ್ಕೆ ಬಾಗಿಲೂ ಇಲ್ಲ, ಕಾವು ಹೆಚ್ಚು ಕಡಿಮೆ ಮಾಡುವ ತಿರುಪೂ ಇಲ್ಲ. ದಪ್ಪ ಗೋಡೆಯ ದುಂಡನೆ ಪಾತ್ರೆ. ಕೆಳಗೆ ಮೂರು ಗಿಡ್ಡ ಕಾಲು, ತಳದಡಿ ಕೆಂಡ ಹಿಡಿಸುವಷ್ಟು ಜಾಗ. ಎತ್ತಲು ಒಂದು ತಂತಿಯ ಹಿಡಿ. ಮೇಲೆ ಚಪ್ಪಟೆ ಮುಚ್ಚಳ, ಅದರ ಸುತ್ತ ಎದ್ದು ನಿಂತ ಅಂಚು. ಅಡುಗೆಯೆಲ್ಲ ನಿಂತಿರುವುದು ಆ ಅಂಚಿನ ಮೇಲೆ. ಮುಚ್ಚಳದ ಮೇಲಿನ ಕೆಂಡ ಉರುಳಿ ಬೀಳದಂತೆ, ಮುಚ್ಚಳ ಎತ್ತುವಾಗ ಬೂದಿ ಅನ್ನದ ಪಾಲಾಗದಂತೆ ತಡೆಯುವುದು ಅದೇ. ಅಂಚಿಲ್ಲದ ಗುಮ್ಮಟದ ಮುಚ್ಚಳ ನೋಡಲು ಚೆಂದ. ಅದು ಅಡುಗೆಮನೆಯ ಒಲೆಗೆ ಸರಿ, ಬಯಲಿಗೆ ಬೇಡ.

ಕಬ್ಬಿಣದ ಪಾತ್ರೆಯನ್ನು ಹಗುರ ಮಾಡಬೇಕೆಂಬ ಆಸೆ ಇವತ್ತಿನದಲ್ಲ. 300 ವರ್ಷದ ಹಿಂದೆ ಯುರೋಪಿನಲ್ಲಿ ತೆಳುವಾದ, ನಯವಾದ ಪಾತ್ರೆ ಬೇಕೆಂದರೆ ಹಿತ್ತಾಳೆಯದೇ ಆಗಬೇಕಿತ್ತು. ಅದು ದುಬಾರಿ. ಕಬ್ಬಿಣ ಅಗ್ಗ, ಆದರೆ ಎರಕ ಹೊಯ್ದ ಪಾತ್ರೆ ಮೊದ್ದು ಮೊದ್ದಾಗಿರುತ್ತಿತ್ತು. ಇಂಗ್ಲೆಂಡಿನ ಏಬ್ರಹಾಂ ಡಾರ್ಬಿ ಎಂಬ ಲೋಹದ ಕಸುಬಿನವನು ಹಿತ್ತಾಳೆಗೆ ಬಳಸುತ್ತಿದ್ದ ಮರಳಿನ ಅಚ್ಚನ್ನು ಕಬ್ಬಿಣಕ್ಕೆ ಒಗ್ಗಿಸಿಕೊಂಡ. 1707ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಪಾತ್ರೆ ಮೊದಲಿಗಿಂತ ತೆಳುವಾಯಿತು, ಅಗ್ಗವೂ ಆಯಿತು. ಎರಡು ವರ್ಷದ ನಂತರ, 1709ರಲ್ಲಿ, ಅದೇ ಡಾರ್ಬಿ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಇದ್ದಿಲಿನ ಬದಲು ಕೋಕ್ (ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಮಾಡಿದ ಉರುವಲು) ಉರಿಸಿ ಅದಿರಿನಿಂದ ಕಬ್ಬಿಣ ತೆಗೆದ. ಕೈಗಾರಿಕಾ ಕ್ರಾಂತಿಯ ಕಥೆ ಹೇಳುವವರು ಈ 1709ನ್ನು ಬಿಡುವುದೇ ಇಲ್ಲ. ಅವನಿಗೆ ಆ ಕಬ್ಬಿಣ ಬೇಕಿದ್ದದ್ದು ಅಡುಗೆ ಪಾತ್ರೆ ಮಾಡಲು ಅನ್ನುವುದನ್ನು ಮಾತ್ರ ಅವಸರದಲ್ಲಿ ಹೇಳಿ ಮುಗಿಸುತ್ತಾರೆ. ಇಂದಿಗೂ ಈ ಪಾತ್ರೆಗಳನ್ನು ಎರೆಯುವುದು ಮರಳಿನ ಅಚ್ಚಿನಲ್ಲೇ. ಮೈಮೇಲೆ ಕೈಯಾಡಿಸಿದರೆ ಸಿಗುವ ತರಿತರಿ ಆ ಮರಳಿನದು.

ಕೊಳ್ಳುವಾಗ ನೋಡಬೇಕಾದ್ದು ಹೆಸರನ್ನಲ್ಲ, ಮುಚ್ಚಳವನ್ನು. ಮುಚ್ಚಿ, ಅಂಚನ್ನು ಬೆರಳಿನಿಂದ ಅಲ್ಲಲ್ಲಿ ಒತ್ತಬೇಕು. ಟಕಟಕ ಅಂತ ಕುಣಿದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಆವಿ ಆ ಸಂದಿಯಿಂದ ಓಡಿಹೋಗುತ್ತದೆ, ಒಳಗಿನದು ಒಣಗುತ್ತದೆ. ಗೋಡೆ ಸುತ್ತಲೂ ಒಂದೇ ದಪ್ಪ ಇದೆಯಾ ನೋಡಬೇಕು. ತೆಳುವಾದ ಕಡೆ ಸೀಯುತ್ತದೆ, ದಪ್ಪದ ಕಡೆ ಬೇಯುವುದಿಲ್ಲ. ಹಳೆಯದನ್ನು ಕೊಳ್ಳುವುದಾದರೆ ಹಿಡಿಯಿಂದ ತೂಗುಹಾಕಿ ಗೆಣ್ಣಿನಿಂದ ಬಡಿಯಬೇಕು. ಠಣ್ ಅಂತ ಎಳೆದು ಸದ್ದು ಬಂದರೆ ಒಳ್ಳೆಯದು. ಸದ್ದು ಬೊದ್ದಾಗಿ ಅಲ್ಲೇ ಸತ್ತರೆ ಎಲ್ಲೋ ಬಿರುಕಿದೆ. ತುಕ್ಕಿಗೆ ಹೆದರಬೇಕಿಲ್ಲ, ಉಜ್ಜಿದರೆ ಹೋಗುತ್ತದೆ. ಬಿರುಕಿಗೆ ಮದ್ದಿಲ್ಲ.

ಎಷ್ಟು ದೊಡ್ಡದು ಬೇಕು ಅನ್ನುವಲ್ಲಿ ಎಲ್ಲರಿಗೂ ದುರಾಸೆ. ಯಾವಾಗಲೋ ಬರುವ ನೆಂಟರನ್ನು ನೆನೆದು 14 ಇಂಚಿನದರ ಕಡೆ ಕೈ ಹೋಗುತ್ತದೆ. 12 ಇಂಚಿನ ಸಾಮಾನ್ಯ ಪಾತ್ರೆ ಹಿಡಿಸುವುದು ಐದೂವರೆ ಲೀಟರಿಗಿಂತ ಸ್ವಲ್ಪ ಜಾಸ್ತಿ. ಖಾಲಿ ಇದ್ದಾಗಲೇ ಅದು 9 ಕಿಲೋದ ಆಸುಪಾಸು ತೂಗುತ್ತದೆ. ಅದರೊಳಗೆ ಸಾರು, ಮೇಲೆ ಕೆಂಡ, ಕೆಳಗೆ ಬಗ್ಗಿದ ಸೊಂಟ. ಲೆಕ್ಕ ನೀವೇ ಹಾಕಿ. ಇನ್ನೊಂದು ಮಾತು, ಆಳದ್ದೇ ಒಳ್ಳೆಯದು ಅಂತಲೂ ಅಂದುಕೊಳ್ಳಬಾರದು. ಮಾಂಸ, ಕಾಳು ಬೇಯಿಸಲು ಆಳ ಇರಲಿ. ಬ್ರೆಡ್ಡಿಗೆ ಆಳವಿಲ್ಲದ್ದೇ ಲೇಸು. ಮುಚ್ಚಳದ ಕಾವು ಹತ್ತಿರ ಇದ್ದರೆ ತಾನೇ ಮೇಲ್ಭಾಗ ಕೆಂಪಗಾಗುವುದು?

ಎರಕದ ಕಬ್ಬಿಣ ಎಲ್ಲ ಕಡೆ ಸಮವಾಗಿ ಕಾಯುತ್ತದೆ ಅಂತ ಮಾರುವವರು ಹೇಳುತ್ತಾರೆ. ಅದು ಸುಳ್ಳು. ಶಾಖವನ್ನು ಹರಡುವುದರಲ್ಲಿ ಅಲ್ಯೂಮಿನಿಯಂ ಇದಕ್ಕಿಂತ ಎಷ್ಟೋ ಪಟ್ಟು ಮುಂದು. ಸಣ್ಣ ಉರಿಯ ಮೇಲೆ ಕಬ್ಬಿಣ ಇಟ್ಟರೆ ಉರಿ ತಾಗಿದ ಕಡೆ ಸುಡುತ್ತದೆ, ಅಂಚು ತಣ್ಣಗೇ ಇರುತ್ತದೆ. ಕಬ್ಬಿಣಕ್ಕೆ ಇರುವುದು ಹರಡುವ ಗುಣವಲ್ಲ, ಹಿಡಿದಿಟ್ಟುಕೊಳ್ಳುವ ಗುಣ. ಅದೂ ಲೋಹದ ಹೆಚ್ಚುಗಾರಿಕೆಯೇನಲ್ಲ. ಕಿಲೋಗೆ ಕಿಲೋ ಹೋಲಿಸಿದರೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಶಾಖ ಹಿಡಿಯುತ್ತದೆ. ಕಬ್ಬಿಣ ಗೆಲ್ಲುವುದು ಅಷ್ಟೇ ಜಾಗದಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ ಅನ್ನುವ ಒಂದೇ ಕಾರಣಕ್ಕೆ. ಮತ್ತೆ ಬಂತು ನೋಡಿ, ಭಾರ! ಇದರ ಸ್ವಭಾವ ಮನೆಯ ಹಿರಿಯರ ಸಿಟ್ಟಿನಂಥದು. ಬೇಗ ಕಾಯುವುದಿಲ್ಲ, ಕಾದ ಮೇಲೆ ಬೇಗ ಆರುವುದಿಲ್ಲ. ಗಾಳಿ ಬೀಸಲಿ, ತಣ್ಣನೆಯ ಹಿಟ್ಟು ಬೀಳಲಿ, ಅದರ ಕಾವು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಬಯಲಲ್ಲಿ ಬೇಕಾದ್ದು ಅದೇ.

ಹಾಗಾಗಿ ಉರಿಯುವ ಬೆಂಕಿಯ ಮೇಲೆ ಇದನ್ನು ಇಡಬಾರದು. ಜ್ವಾಲೆ ನೋಡಲಿಕ್ಕೆ, ಕೆಂಡ ಬೇಯಿಸಲಿಕ್ಕೆ. ಒಂದು ಕಡೆ ಬೆಂಕಿ ಉರಿಯುತ್ತಿರಲಿ, ಅದರಿಂದ ಕೆಂಡ ಎಳೆದುಕೊಂಡು ಇನ್ನೊಂದು ಕಡೆ ಅಡುಗೆ ನಡೆಯಲಿ. ಒಂದೇ ಅಳತೆಯ ಇದ್ದಿಲುಂಡೆ ಬಳಸುವವರಿಗೆ ಒಂದು ಹಳೆಯ ಲೆಕ್ಕ ಇದೆ. ಪಾತ್ರೆಯ ಅಗಲ ಎಷ್ಟು ಇಂಚೋ ಅದಕ್ಕೆ 3 ಕೂಡಿಸಿದಷ್ಟು ಉಂಡೆ ಮೇಲೆ, 3 ಕಳೆದಷ್ಟು ಕೆಳಗೆ. 12 ಇಂಚಿನದಕ್ಕೆ ಮೇಲೆ 15, ಕೆಳಗೆ 9. ಒಳಗೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಬರುತ್ತದೆ. ಮೇಲೆ ಯಾಕೆ ಜಾಸ್ತಿ? ಶಾಖ ತಾನಾಗಿ ಮೇಲಕ್ಕೆ ಹೋಗುತ್ತದೆ, ಕೆಳಗೆ ಇಳಿಸಲು ಹೆಚ್ಚು ಕೆಂಡ ಬೇಕು. ತಳದಲ್ಲಿ ಅಡುಗೆ ಕಬ್ಬಿಣಕ್ಕೇ ಅಂಟಿ ಕೂತಿರುತ್ತದೆ, ಅಲ್ಲಿ ಕಡಿಮೆ ಸಾಕು. ಕೆಳಗಿನ ಕೆಂಡವನ್ನು ನಡುವೆ ಗುಡ್ಡೆ ಹಾಕದೆ ಅಂಚಿನ ಸುತ್ತ ಜೋಡಿಸಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಕಾಲು ಸುತ್ತು ಈ ಕಡೆ, ಮುಚ್ಚಳವನ್ನು ಕಾಲು ಸುತ್ತು ಆ ಕಡೆ ತಿರುಗಿಸಿದರೆ ಒಂದೇ ಕಡೆ ಸೀಯುವುದು ತಪ್ಪುತ್ತದೆ. ಗಾಳಿ ಜೋರಿದ್ದರೆ ಕೆಂಡ ಬೇಗ ಉರಿದುಹೋಗಿ ಈ ಲೆಕ್ಕವೆಲ್ಲ ಕೆಡುತ್ತದೆ. ಆಗ ಮೂಗನ್ನೇ ನಂಬಬೇಕು. ಬ್ರೆಡ್ಡಿನ ಘಮ ಬಂದರೆ ಹತ್ತಿರ ಹತ್ತಿರ ಬೆಂದಿದೆ ಅಂತ. ಸೀದ ವಾಸನೆ ಬಂದರೆ, ಗೊತ್ತಲ್ಲ!

ಇನ್ನು ಪಳಗಿಸುವುದು. ಇದರ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ಮಾತಾಡುತ್ತಾರೆ. ಹೊಸ ಪಾತ್ರೆಗೆ ತುಕ್ಕು ಹಿಡಿಯದಿರಲೆಂದು ಮೇಣ ಸವರಿದ್ದರೆ ಮೊದಲು ಬಿಸಿನೀರಲ್ಲಿ ತಿಕ್ಕಿ ತೆಗೆಯಬೇಕು. ಒಣಗಿಸಿ, ಎಣ್ಣೆ ಹಚ್ಚಿ, ಹಚ್ಚಿದ ಎಣ್ಣೆಯನ್ನೆಲ್ಲ ಒರೆಸಿಬಿಡುವ ಹಟದಲ್ಲಿ ಒರೆಸಬೇಕು. ಆಗ ಉಳಿಯುವ ಪಸೆ ಇದೆಯಲ್ಲ, ಅಷ್ಟೇ ಬೇಕಾದ್ದು. ಬೋರಲು ಹಾಕಿ ಒಂದು ಗಂಟೆ 200 ಡಿಗ್ರಿಗೂ ಮೇಲೆ ಕಾಯಿಸಿದರೆ ಎಣ್ಣೆಯ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಧಾರಾಳವಾಗಿ ಸುರಿದವರ ಪಾತ್ರೆ ಅಂಟಂಟಾಗುತ್ತದೆ. ಅಗಸೆ ಎಣ್ಣೆಯೇ ಶ್ರೇಷ್ಠ ಅನ್ನುವವರಿದ್ದಾರೆ. ಅದರ ಪದರ ಕನ್ನಡಿಯಂತೆ ಹೊಳೆಯುತ್ತದೆ ನಿಜ, ಆದರೆ ಚಕ್ಕೆ ಏಳುವುದೂ ಅದೇ ಬೇಗ. ಸೋಪು ಮುಟ್ಟಿಸಬಾರದು ಎಂಬ ಮಡಿ ಕ್ಷಾರ ಜಾಸ್ತಿ ಇದ್ದ ಹಳೆಯ ಸೋಪಿನ ಕಾಲದ್ದು. ಈಗಿನ ಪಾತ್ರೆ ತೊಳೆಯುವ ಸೋಪು ಒಂದಿಷ್ಟು ತಾಗಿದರೆ ಏನೂ ಆಗುವುದಿಲ್ಲ. ಪದರಕ್ಕೆ ನಿಜವಾದ ಶತ್ರು ಹುಳಿ. ಟೊಮೆಟೊ ಹಾಕಿ ಗಂಟೆಗಟ್ಟಲೆ ಕುದಿಸಿದರೆ ಪದರವೂ ಹೋಗುತ್ತದೆ, ಊಟಕ್ಕೆ ಕಬ್ಬಿಣದ ರುಚಿಯೂ ಬರುತ್ತದೆ.

ಇಷ್ಟು ಭಾರ ಹೊತ್ತರೂ ಇದು ಗಟ್ಟಿ ಅಂತ ತಿಳಿಯಬೇಡಿ. ಎರಕದ ಕಬ್ಬಿಣದಲ್ಲಿ ಇಂಗಾಲ 2ರಿಂದ 4 ಶೇಕಡಾ ಇರುತ್ತದೆ. ಅದರಿಂದಲೇ ಅದು ಸುಲಭವಾಗಿ ಕರಗಿ ಅಚ್ಚಿಗೆ ಹರಿಯುತ್ತದೆ, ಅದರಿಂದಲೇ ಬಿದ್ದರೆ ಬಗ್ಗದೆ ಒಡೆಯುತ್ತದೆ. ಕಾದ ಪಾತ್ರೆಗೆ ತಣ್ಣೀರು ಸುರಿದರೂ ಸೀಳಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ ದನ ಕಾಯುವವರು ಈ ಪಾತ್ರೆಗಳನ್ನು ಕುದುರೆಗಳ ಮೇಲೆ ಹೇರಿಕೊಂಡು ಹೋಗುತ್ತಿದ್ದರು. ಹೇರು ಜಾರಿದರೆ ಪಾತ್ರೆ ಎರಡು ಹೋಳು. ಅದಕ್ಕೇ ಅಲ್ಲಿ ಉಕ್ಕಿನ ತಗಡಿನ ಪಾತ್ರೆ ಬಂತು. ಬೆಡೂರಿ ಎಂಬ ಊರಿನ ಹೆಸರೇ ಅದಕ್ಕೆ. ಬಿದ್ದರೂ ಒಡೆಯುವುದಿಲ್ಲ, ಕುದುರೆಗೂ ಹಗುರ. ಆದರೆ ತೆಳುವಾದ್ದರಿಂದ ಬೇಗ ಕಾಯುತ್ತದೆ, ಬೇಗ ಸೀಯುತ್ತದೆ. ಕುದುರೆಯ ಬೆನ್ನ ಮೇಲೆ ಉಳಿಸಿದ್ದಕ್ಕೆ ಅಡುಗೆಯವನು ಒಲೆಯ ಮುಂದೆ ದಂಡ ಕಟ್ಟಬೇಕು.

ನಮಗಂತೂ ಕುದುರೆ ಇಲ್ಲ, ಕಾರಿನ ಡಿಕ್ಕಿ ಇದೆ. ಅದಕ್ಕೇ ಇರಬೇಕು, ಒಂದನ್ನು ಕೊಂಡವರು ಇನ್ನೊಂದು ಕೊಳ್ಳುತ್ತಾರೆ. ಅದಕ್ಕೊಂದು ಸಬೂಬೂ ಇದೆ. ಒಂದರ ಮುಚ್ಚಳದ ಮೇಲೆ ಇನ್ನೊಂದನ್ನು ಕೂರಿಸಬಹುದು. ಕೆಳಗಿನದರ ಮೇಲ್ಕೆಂಡವೇ ಮೇಲಿನದಕ್ಕೆ ತಳದ ಕೆಂಡ, ಇದ್ದಿಲು ಉಳಿತಾಯ. ಮೂರರ ತನಕ ಪೇರಿಸುವವರಿದ್ದಾರೆ. ಆದರೆ ಕೆಳಗಿನದನ್ನು ತೆರೆದು ನೋಡಬೇಕಾದರೆ ಮೇಲಿನ ಎರಡನ್ನೂ ಕೆಂಡ ಸಮೇತ ಇಳಿಸಬೇಕು. ಅದಕ್ಕೇ ತಿಳಿದವರು ಗಂಟೆಗಟ್ಟಲೆ ಬೇಯುವ ಮಾಂಸವನ್ನು ತಳಕ್ಕೆ ಹಾಕಿ, ಮತ್ತೆ ಮತ್ತೆ ನೋಡಬೇಕಾದ ಬ್ರೆಡ್ಡನ್ನು ಮೇಲಿಡುತ್ತಾರೆ.