ಒಂದು ತೊಲ ತಾಮ್ರ

ಕೊಲರಾಡೊಗೆ ಬಂದ ಮೇಲೆ ನನಗೆ ಅಂಟಿಕೊಂಡ ಚಟಗಳಲ್ಲಿ ಅತಿ ದುಬಾರಿಯದು, ದುಡ್ಡು ಉಳಿಸಲು ಶುರು ಮಾಡಿದ್ದು. ಎಲ್ಕ್ ಶಿಕಾರಿಗೆ ತೋಟಾಗಳನ್ನು ಮನೆಯಲ್ಲೇ ತುಂಬಿಕೊಂಡರೆ ಅಗ್ಗ ಅಂತ ಆಫೀಸಿನ ಗೆಳೆಯನೊಬ್ಬ ಹೇಳಿದ. ಪ್ರೆಸ್, ಡೈ ಅನ್ನುವ ಅಚ್ಚು, ತಕ್ಕಡಿ ಎಲ್ಲ ಕೊಂಡೆ. ನನ್ನ ಲೆಕ್ಕದ ಪ್ರಕಾರ ಇನ್ನೊಂದು ಮೂವತ್ತು ವರ್ಷ ಶಿಕಾರಿ ಮಾಡಿದರೆ ಉಳಿತಾಯ ಶುರುವಾಗುತ್ತದೆ.

ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಗಂಡು ಮುನ್ನೂರು ಕಿಲೋ ಆರಾಮಾಗಿ ತೂಗುತ್ತದೆ.

ಈ ಸಲ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದಳು. ಗ್ಯಾರೇಜಿನಲ್ಲಿ ನನ್ನ ಸರಂಜಾಮು ನೋಡಿ ಅವಳಿಗೇನೂ ಆಶ್ಚರ್ಯ ಆಗಲಿಲ್ಲ. ಮಂಗ ಓಡಿಸಲು ಅಪ್ಪ ಇಟ್ಟುಕೊಂಡಿದ್ದ ಕೇಪಿನ ಕೋವಿ ನೋಡಿದವಳು. ಮದ್ದು, ತೆಂಗಿನ ನಾರು, ಚರೆ ಎಲ್ಲ ನಳಿಗೆಗೆ ಇಳಿಸಿ, ಗಜದಲ್ಲಿ ಜಡಿದು, ಕೇಪು ಇಟ್ಟರೆ ಅಪ್ಪನ ಕೆಲಸ ಮುಗೀತು. ನನಗೋ, ಒಂದು ತೋಟಾಗೆ ಒಂದು ಸಂಜೆ.

ಮೊದಲ ಅವಾಂತರ ಅವಳ ಎದುರೇ ಆಯಿತು. ಹಳೆಯ ಹಿತ್ತಾಳೆ ಕೇಸನ್ನು, ಅಂದರೆ ಹಾರಿಸಿದ ತೋಟಾದ ಖಾಲಿ ಕೊಳವೆಯನ್ನು, ಡೈಗೆ ಒತ್ತಿ ಮತ್ತೆ ಅಳತೆಗೆ ತರಬೇಕು. ಅದಕ್ಕೆ ಮೊದಲು ಕೇಸಿಗೆ ಲ್ಯೂಬ್ ಸವರಬೇಕು. ನಾನು ಮರೆತೆ. ಕೇಸು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಹಿಡಿಕೆಗೆ ಜೋತುಬಿದ್ದೆ. ಕೇಸಿನ ಅಂಚು ಕಿತ್ತು ಬಂತು, ಉಳಿದದ್ದು ಡೈನಲ್ಲೇ ಕೂತಿತು.

"ಚಕ್ಕುಲಿ ಒರಳಿಗೂ ಎಣ್ಣೆ ಸವರದೆ ಹಿಟ್ಟು ಹಾಕಲ್ಲ ಕಣೋ" ಅಂದಳು ಅಮ್ಮ.

ಅದನ್ನು ಹೊರಗೆ ತೆಗೆಯಲು ಇನ್ನೊಂದು ಸಾಮಾನು ಕೊಂಡೆ. ಉಳಿತಾಯ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು.

ಆಮೇಲೆ ತಕ್ಕಡಿಯ ಸರದಿ. ಈ ಕಸುಬಿನಲ್ಲಿ ಎಲ್ಲ ತೂಕವೂ ಗ್ರೇನ್ ಲೆಕ್ಕ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಫ್ಯಾನ್ ಹಾಕಿದರೆ ಅಂಕಿ ಕುಣಿಯುತ್ತದೆ, ಹತ್ತಿರ ಜೋರಾಗಿ ಉಸಿರು ಬಿಟ್ಟರೂ ಕುಣಿಯುತ್ತದೆ. ಅಮ್ಮ ಒಂದು ಗುಂಡು ಕೈಯಲ್ಲಿ ಹಿಡಿದು, "ಇದೆಷ್ಟು ತೂಕ?" ಅಂದಳು. ಪೂರ್ತಿ ತಾಮ್ರದ್ದು, 180 ಗ್ರೇನ್. ಸುಮ್ನೆ ಫೋನಿನಲ್ಲಿ ಹುಡುಕಿದೆ. ಬ್ರಿಟಿಷರ ಕಾಲದ ಒಂದು ತೊಲ ಅಂದರೆ ಸರಿಯಾಗಿ 180 ಗ್ರೇನ್! ಹಳೆಯ ಬೆಳ್ಳಿ ರೂಪಾಯಿಯೂ ಅಷ್ಟೇ ತೂಕ. ನನಗೆ ರೋಮಾಂಚನ. ಅಮ್ಮನಿಗೆ ಬೇರೆಯದೇ ಹೊಳೆಯಿತು. ಕೊರಳಿಂದ ಸರ ತೆಗೆದಳು.

"ಅಕ್ಕಸಾಲಿ ನಾಲ್ಕು ತೊಲ ಅಂತ ಕೊಟ್ಟಿದ್ದಾನೆ. ತೂಗು."

ನಾಲ್ಕು ತೊಲ ಅಂದರೆ 720 ಬರಬೇಕು. ಸರ ಇಟ್ಟೆ. 584 ಬಂತು.

136 ಗ್ರೇನ್ ಕಮ್ಮಿ. ಮುಕ್ಕಾಲು ತೊಲ ಚಿನ್ನ ನಾಪತ್ತೆ. ಇಲ್ಲಿ ರಾತ್ರಿ 8, ಅಲ್ಲಿ ಬೆಳಿಗ್ಗೆ ಏಳೂವರೆ. ಮಾವನಿಗೆ ಫೋನ್ ಹೋಯಿತು. ಮಾವ ಕಾಫಿ ಲೋಟ ಅಲ್ಲೇ ಇಟ್ಟು ಅಕ್ಕಸಾಲಿ ಮನೆಗೆ ಹೊರಟರು. ದಾರಿಯಲ್ಲಿ ಸಿಕ್ಕ ನಾಲ್ಕು ಜನಕ್ಕೂ ಹೇಳಿದರು ಅಂತ ಆಮೇಲೆ ಗೊತ್ತಾಯಿತು. ಪಾಪದ ಅಕ್ಕಸಾಲಿ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅಮ್ಮಾ, ಇನ್ನೊಂದ್ಸಲ ತೂಗಿ ನೋಡಿ."

ತೂಗಲು ಹೋದಾಗ ಪಕ್ಕದಲ್ಲಿ ಮದ್ದಿನ ತಟ್ಟೆ ಕಂಡಿತು. ಸಂಜೆ ಅದನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿದ್ದೆ. ಸರವನ್ನು ಮಾತ್ರ ತಟ್ಟೆ ಇಲ್ಲದೆ ತೂಗಿದ್ದೆ. ತಟ್ಟೆಯ ತೂಕ 136 ಗ್ರೇನ್.

ಅಮ್ಮ ಆ ರಾತ್ರಿ ನನ್ನ ಜೊತೆ ಮಾತಾಡಲಿಲ್ಲ. ಅಕ್ಕಸಾಲಿಗೆ ಕ್ಷಮೆ ಕೇಳುವ ಕೆಲಸ ನನಗೇ ಬಂತು. ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. ಚಿನ್ನವನ್ನೇ ಹೀಗೆ ತೂಗಿದವನು ಮದ್ದು ಹೇಗೆ ತೂಗಿರಬಹುದು? ಮದ್ದು ಜಾಸ್ತಿಯಾದರೆ ಕೋವಿಯೇ ಸಿಡಿಯಬಹುದು. ಅಲ್ಲಿಯವರೆಗೆ ತುಂಬಿದ್ದ ಇಪ್ಪತ್ತನ್ನೂ ಬಿಚ್ಚಲು ಕೂತೆ. ಅದಕ್ಕೊಂದು ಪ್ಲಾಸ್ಟಿಕ್ ಸುತ್ತಿಗೆ ಇದೆ. ಅದರ ತಲೆಯೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡು, ಮದ್ದು ಎರಡೂ ಸುತ್ತಿಗೆಯ ತಲೆಯಲ್ಲೇ ಉದುರುತ್ತವೆ. ಇಪ್ಪತ್ತು ತೋಟಾ, ಒಂದೊಂದಕ್ಕೆ ಏಳೆಂಟು ಏಟು. ಪಕ್ಕದ ಮನೆಯಾತ ಗ್ಯಾರೇಜ್ ಬಾಗಿಲಿಗೆ ಬಂದು, ಅಲಮಾರು ಮಾಡ್ತಿದ್ದೀಯಾ ಅಂತ ಕೇಳಿ ಹೋದ.

ಮತ್ತೆ ತುಂಬಿದೆ. ಅಕ್ಟೋಬರ್‌ನ ಐದು ದಿನದ ಸೀಸನ್ನಿಗೆ ಇಪ್ಪತ್ತು ತೋಟಾ ಬೆಟ್ಟ ಹತ್ತಿದವು. ಇಪ್ಪತ್ತೂ ಇಳಿದು ಬಂದವು. ಎಲ್ಕ್ ಕೂಗು ಒಂದು ಬೆಳಿಗ್ಗೆ ಕೇಳಿಸಿತು, ದೂರದಲ್ಲಿ.

ನವೆಂಬರ್‌ನಲ್ಲಿ ಅಮ್ಮನ ಸೂಟ್‌ಕೇಸ್ ಕಟ್ಟುವಾಗ ತೂಕ ಜಾಸ್ತಿ ಬಂತು. ಎರಡು ಸಾಮಾನು ಹೊರಗೆ ತೆಗೆಯೋಣ ಅಂತ ಕೈ ಹಾಕಿದೆ. ಸೀರೆ ಮಡಿಕೆಯೊಳಗೆ, ಕರ್ಚೀಫಿನಲ್ಲಿ ಸುತ್ತಿಟ್ಟ ತಾಮ್ರದ ಗುಂಡು ಸಿಕ್ಕಿತು.

ನನ್ನ ಎದೆ ಧಸಕ್ಕೆಂದಿತು. "ಅಮ್ಮಾ, ಏರ್‌ಪೋರ್ಟಲ್ಲಿ ಹಿಡಿದು ಕೂರಿಸ್ತಾರೆ!"

"ಮದ್ದು ಇಲ್ವಲ್ಲೋ, ಬರೀ ತಾಮ್ರ" ಅಂದಳು. "ಒಂದು ತೊಲದ ಬಟ್ಟು ಅದು. ಅಕ್ಕಸಾಲಿ ತಕ್ಕಡಿ ಒಂದ್ಸಲ ನೋಡ್ಬೇಕು."