ಅಕ್ಕನೋ, ತಂಗಿಯೋ

"ನಿನಗೆ ರೋಮ್ ಹುಚ್ಚು ಯಾಕೆ, ನಮ್ಮಲ್ಲಿ ಇತಿಹಾಸಕ್ಕೆ ಬರವಾ?" ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಬರ ಏನಿಲ್ಲ. ಆದರೆ ಹುಚ್ಚು ನಮ್ಮನ್ನು ಕೇಳಿಕೊಂಡು ಹಿಡಿಯುತ್ತದಾ? ನನಗೆ ಹಿಡಿದದ್ದು ಕೊಲೋಸಿಯಂ ನೋಡಿ ಅಲ್ಲ, ಸೀಸರ್ ಕಥೆ ಓದಿಯೂ ಅಲ್ಲ. ಎರಡು ಚಡ್ಡಿಯಿಂದ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ವಿಂಡೊಲಾಂಡ ಅಂತ ಒಂದು ರೋಮನ್ ಕೋಟೆ ಇತ್ತು. 1973ರಲ್ಲಿ ಪುರಾತತ್ವಜ್ಞ ರಾಬಿನ್ ಬರ್ಲಿ ಅಲ್ಲಿ ಅಗೆಯುತ್ತಿದ್ದಾಗ ಕೆಸರಿನಲ್ಲಿ ತೆಳ್ಳನೆಯ ಮರದ ಚೂರುಗಳು ಸಿಕ್ಕವು. ಬಡಗಿ ಮರ ಹೆರೆಯುವಾಗ ಉದುರುತ್ತಲ್ಲ, ಹಾಗೆ. ಅಂಟಿಕೊಂಡಿದ್ದ ಎರಡು ಚೂರು ಬಿಡಿಸಿದರೆ ಒಳಗೆ ಶಾಯಿಯ ಬರಹ! ಗಾಳಿ ತಗುಲಿದ್ದೇ ತಡ, ಅಕ್ಷರ ಮಾಸಿಹೋಯಿತು. ಕೊನೆಗೆ ಇನ್‌ಫ್ರಾರೆಡ್ ಫೋಟೋ ತೆಗೆದು ಓದಬೇಕಾಯಿತು. ಹಾಗೆ ಮೊದಮೊದಲು ಓದಿದ್ದರಲ್ಲೇ ಒಂದು ಕಾಗದ: ಯಾರೋ ಯಾರಿಗೋ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಚಡ್ಡಿ ಕಳಿಸಿದ್ದಾರೆ. ಸುಮಾರು 1900 ವರ್ಷದ ಹಿಂದೆ, ಆ ಚಳಿಗೆ.

ಈವರೆಗೆ ಇಂಥ ಸಾವಿರಕ್ಕೂ ಹೆಚ್ಚು ಮರದ ಹಲಗೆ ಸಿಕ್ಕಿವೆ. ಮಾಸ್ಕ್ಲಸ್ ಎಂಬ ಸೇನಾಧಿಕಾರಿ, ನಮ್ಮ ಹುಡುಗರ ಹತ್ತಿರ ಬಿಯರ್ ಮುಗಿದಿದೆ, ಕಳಿಸಿಕೊಡಿ ಅನ್ನುತ್ತಾನೆ. ಆಕ್ಟೇವಿಯಸ್ ಅನ್ನುವವನದು ದುಡ್ಡಿನ ತಾಪತ್ರಯ. ರಾಶಿ ಧಾನ್ಯ ಖರೀದಿಸಿದ್ದಾನೆ. ಕಡೇಪಕ್ಷ 500 ದಿನಾರಿ ಕಳಿಸು, ಇಲ್ಲದಿದ್ದರೆ ಕೊಟ್ಟ ಮುಂಗಡವೂ ಹೋಗುತ್ತೆ, ಮಾನವೂ ಹೋಗುತ್ತೆ ಅಂತ ಗೋಳಾಡುತ್ತಾನೆ. ಚರ್ಮ ತರಿಸೋಣ ಅಂದರೆ ರಸ್ತೆ ಸರಿ ಇಲ್ಲವಂತೆ. ಅಷ್ಟು ಹೆಸರುವಾಸಿಯಾದ ರೋಮನ್ ರಸ್ತೆ!

ಇನ್ನೊಂದು ಲೆಕ್ಕದ ಚೀಟಿಯಲ್ಲಿ ಗಂಬಾಕ್ಸ್ ಎಂಬ ಸಿಪಾಯಿ 2 ದಿನಾರಿಯ ಮೆಣಸು ತಗೊಂಡಿದ್ದಾನೆ. ಕಾಳುಮೆಣಸು ಅಂದರೆ ನಮ್ಮ ಪಶ್ಚಿಮ ಕರಾವಳಿಯ ಸರಕು ಅಲ್ವಾ? ಮಳೆಗಾಳಿ ಹಿಡಿದು ಬರುತ್ತಿದ್ದ ಹಡಗುಗಳು ಅದನ್ನು ಈಜಿಪ್ಟಿನ ಬೆರೆನಿಕೆಯಂಥ ಬಂದರಿಗೆ ಒಯ್ಯುತ್ತಿದ್ದವು. ಅಲ್ಲಿನ ದೇವಸ್ಥಾನವೊಂದರಲ್ಲಿ ಭಾರತದ ಮಡಕೆಯೊಳಗೆ 7 ಕಿಲೋಗೂ ಜಾಸ್ತಿ ಮೆಣಸು ಸಿಕ್ಕಿದೆ. ಅಲ್ಲಿಂದ ಇಡೀ ಸಾಮ್ರಾಜ್ಯ ದಾಟಿ ಗಂಬಾಕ್ಸನ ಗಂಜಿಗೆ.

ಕಲ್ಲಿನ ಶಾಸನಗಳ ಮೇಲೆ ನನಗೆ ಅಷ್ಟು ಒಲವಿಲ್ಲ. ಅವು ಆ ಕಾಲದ ಫ್ಲೆಕ್ಸ್ ಬೋರ್ಡು. ಚಕ್ರವರ್ತಿ ಗೆದ್ದ, ಚಕ್ರವರ್ತಿ ಕಟ್ಟಿಸಿದ. ಈ ಹಲಗೆಗಳು ಯಾರೂ ಓದಲಿ ಅಂತ ಇಟ್ಟವಲ್ಲ. ಸುಮಾರು ಕ್ರಿ.ಶ. 105ರಲ್ಲಿ ಅಲ್ಲಿದ್ದ ಪಡೆ ಕೋಟೆ ಬಿಟ್ಟು ಹೊರಟಾಗ ಹಳೇ ಕಾಗದವನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದರು. ಅರ್ಧ ಸುಟ್ಟವೂ ಉಳಿದವು. ಮೇಲೆ ಬಿದ್ದ ಒದ್ದೆ ಮಣ್ಣು ಗಾಳಿಯಾಡಲು ಬಿಡಲಿಲ್ಲ, ಹಾಗಾಗಿ ಕೊಳೆಯಲೂ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಕ್ಲಾಡಿಯಾ ಸೆವೆರಾಳ ಕಾಗದ. ದಂಡನಾಯಕನೊಬ್ಬನ ಹೆಂಡತಿ ಲೆಪಿಡಿನಾಳನ್ನು ಸೆಪ್ಟೆಂಬರ್ 11ರ ತನ್ನ ಹುಟ್ಟುಹಬ್ಬಕ್ಕೆ ಕರೆಯುತ್ತಾಳೆ. ಮೇಲಿನ ಸಾಲೆಲ್ಲ ಲಿಪಿಕಾರನ ನೀಟಾದ ಕೈಬರಹ. ಕೆಳಗೆ ಬಲಮೂಲೆಯಲ್ಲಿ ಅವಳೇ ಒಂದಿಷ್ಟು ಗೀಚಿದ್ದಾಳೆ, ಕೈ ಅಷ್ಟು ಪಳಗಿದ್ದಲ್ಲ. ಹೆಣ್ಣೊಬ್ಬಳು ತನ್ನ ಕೈಯಾರೆ ಬರೆದ ಲ್ಯಾಟಿನ್‌ನಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯವುಗಳಲ್ಲಿ ಇದೂ ಒಂದು. ನಿನ್ನ ದಾರಿ ಕಾಯುತ್ತಿರುತ್ತೇನೆ, ನನ್ನ ಜೀವವೇ ಅನ್ನುತ್ತಾಳೆ. ಮಾತುಮಾತಿಗೂ 'ಸೊರೊರ್'.

ಸುಮ್ನೆ ಒಂದಿನ ಅದನ್ನು ಕನ್ನಡಕ್ಕೆ ತರಲು ಕೂತೆ. ಆ ಪದದಲ್ಲೇ ಸಿಕ್ಕಿಬಿದ್ದೆ. ಲ್ಯಾಟಿನ್‌ಗೆ ಅಕ್ಕನಾದರೂ ಅದೇ, ತಂಗಿಯಾದರೂ ಅದೇ. ಇವರೋ ಒಡಹುಟ್ಟಿದವರಲ್ಲ, ಗೆಳತಿಯರು. ನಮ್ಮ ಭಾಷೆ ಮಾತ್ರ ಯಾರು ದೊಡ್ಡವರು ಹೇಳು, ಆಮೇಲೆ ಮುಂದೆ ಹೋಗು ಅನ್ನುತ್ತೆ. ಸದ್ಯಕ್ಕೆ 'ಅಕ್ಕ' ಅಂತ ಹಾಕಿದ್ದೇನೆ. ವಯಸ್ಸು ಜಾಸ್ತಿ ಮಾಡಿಬಿಟ್ಟೆ ಅಂತ ಲೆಪಿಡಿನಾ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.