ತಲೆಸುತ್ತಿಗೆ ಸ್ಕ್ಯಾನ್‌ಗಿಂತ ಮೊದಲು ಕಣ್ಣು: ನಂಬಬಹುದೇ?

ಪರ

"ಮಗ್ಗಲ ಹೊಳ್ಳಿದ್ರ ಸಾಕ್ರೀ, ಮನಿ ತಿರಗಿದಂಗ ಆಗತೈತಿ" ಎಂದವರಿಗೆ ಇಂಡಿ, ಸಿಂದಗಿ ಕಡೆ ಸಾಮಾನ್ಯವಾಗಿ ಸಿಗುವುದು ವಾಂತಿ, ತಲೆಸುತ್ತು ತಡೆಯುವ ಒಂದು ಸ್ಟೆಮೆಟಿಲ್ ಇಂಜೆಕ್ಷನ್ನು, ವಿಜಯಪುರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿರೆಂಬ ಚೀಟಿ. ಇಂಥ ತಲೆಸುತ್ತಿಗೆ ಸಾಮಾನ್ಯ ಕಾರಣವಾದ, ಒಳಗಿವಿಯ ನಾಳಕ್ಕೆ ಜಾರಿಬಿದ್ದ ಕ್ಯಾಲ್ಸಿಯಂ ಹರಳು ಸ್ಕ್ಯಾನಿನಲ್ಲಿ ಕಾಣುವಂಥದ್ದೇ ಅಲ್ಲ. ಅದರ ಗುರುತು ಕಣ್ಣಾಲಿಯಲ್ಲಿರುತ್ತದೆ.

1952ರಲ್ಲಿ ವೈದ್ಯರಾದ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಪರೀಕ್ಷೆಗೆ ಒಂದು ಮಂಚ ಸಾಕು. ರೋಗಿಯನ್ನು ಕೂರಿಸಿ, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಸರಕ್ಕನೆ ಮಲಗಿಸಬೇಕು. ತಲೆ ಮಂಚದ ಅಂಚಿನಿಂದ ಸುಮಾರು 20 ಡಿಗ್ರಿ ಕೆಳಗಿರಲಿ. ಕಣ್ಣು ಮುಚ್ಚಲು ಬಿಡಬಾರದು. ಮೊದಲ ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಅವಸರದ ವೈದ್ಯರು ಸೋಲುವುದು ಇಲ್ಲೇ. ಆಮೇಲೆ ಕಣ್ಣಾಲಿ ಹಣೆಯ ಕಡೆ ಜಿಗಿಯುತ್ತ, ಕೆಳಗಿರುವ ಕಿವಿಯತ್ತ ಹೊರಳತೊಡಗುತ್ತದೆ. ಒಂದು ನಿಮಿಷದೊಳಗೆ ತಾನೇ ತಣ್ಣಗಾದರೆ ಹರಳು ಬಲಗಿವಿಯ ಹಿಂದಿನ ನಾಳದಲ್ಲಿದೆ.

ಚಿಕಿತ್ಸೆಯೂ ಅದೇ ಮಂಚದ ಮೇಲೆ. ಹರಳನ್ನು ನಾಳದಿಂದ ಜರುಗಿಸುವ ಎಪ್ಲಿ ವಿಧಾನದಲ್ಲಿ, ಮಲಗಿದ್ದಂತೆಯೇ ತಲೆಯನ್ನು ಎಡಕ್ಕೆ 90 ಡಿಗ್ರಿ ತಿರುಗಿಸಿ, ಬಳಿಕ ಎಡ ಮಗ್ಗುಲಿಗೆ ಹೊರಳಿಸಿ ಮುಖ ನೆಲ ನೋಡುವಂತೆ ಮಾಡಿ, ಕೊನೆಗೆ ಎಬ್ಬಿಸಿ ಕೂರಿಸಬೇಕು. ಪ್ರತಿ ಭಂಗಿಯಲ್ಲೂ ಅರ್ಧ ನಿಮಿಷ, ಇಲ್ಲವೇ ಕಣ್ಣಿನ ಅದುರು ನಿಲ್ಲುವವರೆಗೆ. ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರೂ ಮಾತ್ರೆಯಿಂದ ಹರಳು ಜರುಗುವುದಿಲ್ಲ.

ವಿರೋಧ

ಮಗ್ಗುಲು ಬದಲಿಸಿದಾಗ ಮಾತ್ರ ಬರುವ ತಲೆಸುತ್ತಿಗೆ ಇದೆಲ್ಲ ಸರಿ. ದಿನವಿಡೀ ಬಿಡದೆ ಸುತ್ತುವವರ ಕಣ್ಣನ್ನು ಅಷ್ಟು ಸಲೀಸಾಗಿ ನಂಬಲಾಗದು.

ಅಂಥವರಿಗೆ 2009ರಿಂದ ಹೆಸರಾದದ್ದು, ಕಣ್ಣಿನ ಚಲನೆ ನೋಡಿ ದೋಷ ಕಿವಿಯದೋ ಮಿದುಳಿನದೋ ಎಂದು ಹೇಳುವ ಹಿಂಟ್ಸ್ ಪರೀಕ್ಷೆ. ವೈದ್ಯರ ಮೂಗನ್ನೇ ನೋಡುತ್ತಿರಲು ಹೇಳಿ ರೋಗಿಯ ತಲೆಯನ್ನು ತಟ್ಟನೆ 10–20 ಡಿಗ್ರಿ ತಿರುಗಿಸುವುದು ಅದರ ಒಂದು ಭಾಗ. ಕಣ್ಣು ಜಾರಿ, ಮತ್ತೆ ಹಾರಿಬಂದು ಮೂಗನ್ನು ಹಿಡಿದರೆ ದೋಷ ಕಿವಿಯದೆನ್ನುತ್ತಾರೆ. ಜಾರದೇ ಇದ್ದರೆ ಮಿದುಳಿನ ಲಕ್ವದ (ಸ್ಟ್ರೋಕ್) ಅನುಮಾನ. ಅಂದರೆ ಕಣ್ಣು ಸರಿಯಿದ್ದಂತೆ ಕಂಡಾಗಲೇ ಹೆಚ್ಚು ಅಪಾಯ! ಸುತ್ತು ನಿಂತುಹೋದವರಿಗೆ ಈ ಪರೀಕ್ಷೆ ಮಾಡಿದರೆ ಆರೋಗ್ಯವಂತರೂ ಲಕ್ವದ ರೋಗಿಯಂತೆ ಕಾಣುತ್ತಾರೆ. ಇನ್ನೊಂದು ಕಡೆ, ಒಳಗಿವಿಗೆ ರಕ್ತ ಕೊಡುವ ಮಿದುಳಿನ ರಕ್ತನಾಳವೇ ಕಟ್ಟಿಕೊಂಡರೆ ಕಣ್ಣು ಥೇಟ್ ಕಿವಿರೋಗದಂತೆಯೇ ವರ್ತಿಸಬಹುದು. ಆಗ ಥಟ್ಟನೆ ಕಿವುಡಾದದ್ದೇ ದೊಡ್ಡ ಸುಳಿವು. ಅದನ್ನು ಯಾರು ಕೇಳುತ್ತಾರೆ?

ಬೆಳಕಿನ ಕೋಣೆಯಲ್ಲಿ ರೋಗಿ ಏನನ್ನಾದರೂ ದಿಟ್ಟಿಸಿದರೆ ಕಿವಿಯಿಂದ ಬಂದ ಅದುರು ಅಡಗುತ್ತದೆ. ಅದು ಕಾಣಲು ರೋಗಿಯ ದೃಷ್ಟಿಯನ್ನು ಮಸುಕಾಗಿಸುವ, 20 ಡಯಾಪ್ಟರಿನ ದಪ್ಪ ಗಾಜಿನ ಫ್ರೆಂಜೆಲ್ ಕನ್ನಡಕ ಬೇಕು. ತಾಲ್ಲೂಕಿನ ಎಷ್ಟು ಒಪಿಡಿಗಳಲ್ಲಿ ಅದಿದೆ?

ಮೊದಲ ಎರಡು ದಿನ ಎಂಆರ್‌ಐಯಲ್ಲೂ ಲಕ್ವ ಕಾಣದೇ ಹೋಗಬಹುದು, ನಿಜ. ಆದರೆ ಕಿರುಮಿದುಳಿನ ರಕ್ತಸ್ರಾವವನ್ನು ಸಿಟಿ ಸ್ಕ್ಯಾನ್ ತೋರಿಸುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಲಕ್ವ ಶುರುವಾದಾಗಿನಿಂದ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ತಾಸು, ಅದೂ ಸ್ಕ್ಯಾನ್ ಆದ ಮೇಲೆಯೇ. ಆದ್ದರಿಂದ ಆಸರೆಯಿಲ್ಲದೆ ಕೂರಲಾಗದವರು, ಮಾತು ತೊದಲುವವರು, ಒಂದು ವಸ್ತು ಎರಡಾಗಿ ಕಾಣುವವರು, ಕಣ್ಣಾಲಿ ನೆಟ್ಟಗೆ ಕೆಳಮುಖವಾಗಿ ಜಿಗಿಯುವವರು ಬಂದರೆ ಮಂಚದ ಪರೀಕ್ಷೆಗೆ ಕೈಹಾಕದೆ ಮೊದಲು 108ಕ್ಕೆ ಫೋನ್ ಮಾಡಬೇಕು.